ಸದ್ದಿನಷ್ಟು ಸಂದು

ಗಾಡಿ ಸದ್ದು ಬಿಟ್ಟಿತ್ತು; ನಾನು ಖುಷಿಯಲ್ಲಿದ್ದೆ.
ಆರು ವರ್ಷ ಸಂಡೂರಿನ ಕೆಂಧೂಳು ಕುಡಿದ ಎಂಜಿನ್ನು,
ಹೊಲಿಗೆ ಮಿಷನ್ನಿನ ಹಾಗೆ ಕಟಕಟ ಅನ್ನುತ್ತಿದ್ದದ್ದು,
ಯುಗಾದಿ ಆದಮೇಲೆ ತಾನಾಗಿಯೇ ಮೆತ್ತಗಾಯಿತು.
ತಾರಾನಗರದಿಂದ ಭುಜಂಗನಗರದವರೆಗೆ
ಮನೆಮನೆಯ ಕರೆಂಟ್ ಮೀಟರ್ ಓದುವ ನನಗೆ
ಈಗ ದಾರಿಯಲ್ಲಿ ನಾಯಿ ಬೊಗಳುವುದೂ ಕೇಳುತ್ತಿತ್ತು.

ವಯಸ್ಸಾದ ಮೇಲೆ ಬುದ್ಧಿ ಬಂತು ನೋಡ್ರಿ ಇದಕ್ಕ, ಎಂದೆ
ಲಾಡ್ಲೆಸಾಬರ ಅಂಗಡಿ ಮುಂದೆ,
ಚೈನಿಗೆ ಎಣ್ಣೆ ಬಿಡಿಸಲೆಂದು ನಿಂತು.
ಅವರು ನಗಲಿಲ್ಲ.
ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿಗಿಟ್ಟು
ಹಿಡಿಯನ್ನು ಬಲಗಿವಿಯ ಹಿಂದಿನ ಎಲುಬಿಗೊತ್ತಿ
ಕಣ್ಣು ಮುಚ್ಚಿದರು. ಆಮೇಲೆ ಎಡಕ್ಕೆ.
ಮತ್ತೆ ಬಲಕ್ಕೆ.
"ಲೇ ಹುಲುಗ, ಸದ್ದೈತೇನೊ?"
ಪಂಕ್ಚರ್ ಟಬ್ಬಿನ ಕೆಂಪು ನೀರಿನಿಂದ ಕೈ ತೆಗೆದ ಹುಡುಗ
ಬಾಗಿ ಕಿವಿಗೊಟ್ಟು, "ಇಲ್ಲ ಚಾಚಾ, ಗಪ್‌ಚುಪ್ ಐತಿ" ಅಂದ.
ಅವರ ಮುಖದಲ್ಲೊಂದು ನಿರಾಳ ಹಾದುಹೋಯಿತು,
ಯಾಕೆಂದು ತಿಳಿಯಲಿಲ್ಲ ನನಗೆ.

"ಎಂಜಿನ್ ಆರಲಿ. ಬಿಸಿಯಿದ್ದಾಗ ಅಳತಿ ಸುಳ್ಳು ಹೇಳತೈತಿ."

ಎರಡು ಚಹಾ, ಒಂದು ಪ್ಲೇಟು ಒಗ್ಗರಣಿ ಮಿರ್ಚಿ.
ಅದಿರಿನ ಲಾರಿಗಳು ಟಾರ್ಪಾಲು ಬಡಿಯುತ್ತ ಹೋದವು, ಹನ್ನೊಂದು;
ಎಣಿಸಿದೆ, ಎಣಿಸುವುದೇ ನನ್ನ ಹೊಟ್ಟೆಪಾಡು.

ಮುಚ್ಚಳ ಬಿಚ್ಚಿ, ಮ್ಯಾಗ್ನೆಟ್ಟಿನ ಕಿಂಡಿಯಲ್ಲಿ ಗುರುತು ಕೂಡಿಸಿ,
ಫೀಲರ್ ಗೇಜಿನ ಬೀಸಣಿಗೆ ತೆರೆದು
ಉಳ್ಳಾಗಡ್ಡಿ ಸಿಪ್ಪೆಯಂಥ ಎಲೆಯೊಂದನ್ನು ಆರಿಸಿದರು.
ಇನ್‌ಟೇಕಿನಲ್ಲಿ ಹೋಯಿತು, ಒಲ್ಲದ ಮನಸ್ಸಿನಿಂದ.
ಎಕ್ಸಾಸ್ಟಿನ ಬಾಯಲ್ಲಿ ಮಡಚಿಕೊಂಡಿತು.
ಜಾಗವೇ ಇಲ್ಲ.

ಸವೆದರೆ ಸಡಿಲಾಗಬೇಕಲ್ಲ ಸಾಬರೆ?
ಚಪ್ಪಲಿಯ ಉಂಗುಟ, ಕದದ ತಿರುಗಣಿ, ನಮ್ಮವ್ವನ ಕಾಲುಂಗುರ,
ಸವೆದದ್ದೆಲ್ಲ ಸಡಿಲಾದದ್ದನ್ನೇ ಕಂಡವನು ನಾನು.

"ಮ್ಯಾಲಿನ ರಾಕರ್ ಸವೆದರ ಸಡಿಲ, ಹೌದು.
ಕಟಕಟ ಅಂತ ಊರಿಗೆಲ್ಲ ಹೇಳಿಕೋತೈತಿ.
ವಾಲ್ವು ಸವೆಯೋದು ಬ್ಯಾರೆ.
ತಾನು ಕೂಡೋ ಸೀಟಿಗೆ ಬಡದು ಬಡದು, ಅಂಚು ತಿಂದು,
ಹೆಡ್ಡಿನೊಳಗ ಹುಗಕೊಂತ ಹೋಗತೈತಿ.
ಹುಗದಷ್ಟೂ ಬಾಲ ಮ್ಯಾಲೇರತೈತಿ,
ಏರಿ ಏರಿ ರಾಕರಿಗೆ ತಾಗಿ ನಿಂತಬಿಡತೈತಿ.
ಸಂದು ಹೋತು. ಸದ್ದೂ ಹೋತು.
ನೀನು ಖುಷಿ ಪಟ್ಟಿ."

ಅಂಗೈ ಮೇಲೆ ಅಂಗೈಯನ್ನು ಪೂರಾ ಕೂರಗೊಡದೆ ಹಿಡಿದರು:
ಮುಚ್ಚಿಯೂ ಮುಚ್ಚದ ಕದ. ಆ ಸೀಳಿನಲ್ಲಿ ಬೆಂಕಿ.
"ಎಕ್ಸಾಸ್ಟಿಗೆ ತಣ್ಣಗಾಗಾಕ ಬ್ಯಾರೆ ಯಾಳೆ ಇಲ್ಲಪ,
ಸೀಟಿನ ಮ್ಯಾಲೆ ಕುಂತ ಒಂದು ಗಳಿಗಿ, ಅಷ್ಟ.
ಕುಂದ್ರಾಕ ಬಿಡಲಿಲ್ಲಂದ್ರ ಸುಡತೈತಿ."

ಬೆಳಿಗ್ಗೆಯ ಹನ್ನೆರಡು ಕಿಕ್ಕು,
ಸೈಲೆನ್ಸರಿನೊಳಗೆ ಪಟ್ ಎಂಬ ಕೆಮ್ಮು,
ಯಶವಂತನಗರದ ಏರಿನಲ್ಲಿ ಉಸಿರು ಸಾಲದೆ ಹೋದದ್ದು,
ಒಂದೊಂದೇ ನೆನಪಾದವು,
ಬಾಗಿಲು ಹಾಕಿದೆಯೆಂದು ಓದದೆ ಬಿಟ್ಟ ಮೀಟರುಗಳ ಹಾಗೆ.

ಒಂಬತ್ತರ ಸ್ಪ್ಯಾನರಿನಿಂದ ನಟ್ಟು ಸಡಿಲಿಸಿ,
ಚೌಕದ ತಲೆಯನ್ನು ಜೋಳದ ಕಾಳಿನಷ್ಟು ತಿರುವಿ,
ಎಲೆ ತೂರಿಸಿ, ಎಳೆದು, ಮತ್ತೆ ತೂರಿಸಿ,
ಗಟ್ಟಿ ಮೊಸರಿನಲ್ಲಿ ಬೆರಳೆಳೆದಂತೆ
ಅದು ಬರುವವರೆಗೆ.
ಅಲ್ಲಿ ಕಿವಿಗೆ ಕೆಲಸವಿಲ್ಲ. ಹೆಬ್ಬೆರಳು ಸಾಕು.

"ಸವೆಯೋದು ನಿಲ್ಲಂಗಿಲ್ಲ. ಆರು ತಿಂಗಳಿಗೆ ಮತ್ತ ಬಾ.
ತಿರುಪು ಮುಗಿದ ದಿನ ಹೆಡ್ಡು ಬಿಚ್ಚೂಣು."
ಏರ್ ಫಿಲ್ಟರ್ ಬಡಿದರು;
ಗುಡ್ಡದ ಒಂದು ಚಿಟಿಕೆ ನೆಲಕ್ಕೆ ಬಿತ್ತು.

ಒಂದೇ ಕಿಕ್ಕು.
ಟಿಕ್ ಟಿಕ್ ಟಿಕ್ ಟಿಕ್.

ಲಾಡ್ಲೆಸಾಬರು ಎಂಜಿನ್ ಕಡೆ ನೋಡಲಿಲ್ಲ.
ಹುಲುಗನ ಮುಖವನ್ನೇ ನೋಡುತ್ತಿದ್ದರು,
ಅದು ಅರಳುವವರೆಗೆ.
ಅರಳಿತು.
"ಎಂಬತ್ತು ರೂಪಾಯಿ," ಎಂದರು,
ಅದಿರಿನ ಲಾರಿಯವನೂ ತಿರುಗಿ ನೋಡುವಷ್ಟು ಜೋರಾಗಿ.