ಎರಡು ಆರಾಣಿ

ಗಾಲಿ ನನ್ನ ಕೈಗೆ ಬರೂದು ಸವದ ಮ್ಯಾಲೆ.
ಗೇಜ್ ಹಚ್ಚಿ ನೋಡಬೇಕು, ಇನ್ನಾ ಎಷ್ಟು ದಪ್ಪ ಉಳದದ,
ಲೇಥಿಗೆ ಏರಿಸಿ ಒಂದು ಸಿಪ್ಪಿ ತಗದ್ರ
ಮತ್ತ ಮಿರಜದ ತನಕ ಓಡೀತೋ,
ಇಲ್ಲಾ ಸೀದಾ ಭಂಗಾರಕ್ಕೋ.
ಬಂಗಾರದ ಹೊಟ್ಟಿ ಸೀಳಿದ್ರ ಭಂಗಾರ,
ಅಂತ ನಗತಿದ್ದ ಪೀರಸಾಬ.

ಮೂವತ್ತೇಳು ವರ್ಷ ಹಿಂಗ ಗಾಲಿಯ ಆಯುಷ್ಯ ಬರದೀನಿ,
ಸೀಮೆಸುಣ್ಣದಾಗ, ಅದರ ಮೈಮ್ಯಾಲೆ.
ಈಗ ನನ್ನ ಆಯುಷ್ಯ ಬರದ ಹಾಳಿ
ಸೆಟ್ಲಮೆಂಟ್ ಸೆಕ್ಷನ್ನಿನ ಪ್ರಮೀಳಾಬಾಯಿಯವರ ಟೇಬಲ್ ಮ್ಯಾಲಿತ್ತು.
ಅರವತ್ತೊಂದರ ಮುಂದ
ಎಂಟು ಪಾಯಿಂಟ್ ಒಂದು ಒಂಬತ್ತು ನಾಲ್ಕು.
ಬೋಗಿ ನಂಬರ್ ಇದ್ದಂಗ ಇತ್ತು.

“ನೂರಕ್ಕ ನಲವತ್ತರ ತನಕ ಪೆನ್ಶನ್ ಮಾರಬಹುದು,
ಇಡಿಗಂಟು ಕೈಗೆ ಬರ್ತದ.
ಹದಿನೈದು ವರ್ಷ ತಿಂಗಳಾ ತಿಂಗಳಾ ಕಡಿತ.
ಬದುಕಿದ್ರ, ಪೂರ್ತಿ ತಿರುಗಿ ಚಾಲೂ.”
ಬದುಕಿದ್ರ ಅನ್ನೂ ಶಬ್ದ
ಟಾಚಣಿಯಂಗ ಹಾಳಿಗೆ ಚುಚ್ಚಿ ಮುಂದ ಹೋದ್ರು.

ಪೀರಸಾಬ ಪೂರಾ ನಲವತ್ತೂ ಮಾರಿದ,
ಗದಗ ರೋಡಿಗೆ ಎರಡು ಖೋಲಿ ಕಟ್ಟಿಸಿದ,
ಸುಣ್ಣ ಆರೂದ್ರಾಗ ಹೋದ.
“ಗೆದ್ದ ನೋಡು ಸರಕಾರದ ಮ್ಯಾಲೆ,” ಅಂದ್ರು ಕ್ಯಾಂಟೀನಿನ್ಯಾಗ.
ಗೆದ್ದಾಂವನ ಚಹಾದ ಬಾಕಿ ನಾನು ಕೊಟ್ಟೆ.

ಎಲಿಷ ಹೊಸಮನಿಯವರು ಎಪ್ಪತ್ತೈದು ತುಂಬಿದ ತಿಂಗಳು
ಪಾಸ್‌ಬುಕ್ ಹಿಡಕೊಂಡು ಶಾಪಿನ ಗೇಟಿಗೆ ಬಂದು
ಎಲ್ಲಾರಿಗೂ ಮಿರ್ಚಿ ತರಿಸಿದ್ರು.
“ಪ್ರಮೋಶನ್ ಬಂತಪಾ, ಬರೇ ಉಸಿರಾಡಿದ್ದಕ್ಕ.”
ಹಲ್ಲಿರಲಿಲ್ಲ.
ಮಿರ್ಚಿ ಹರದು ಹರದು ಚಹಾದಾಗ ಅದ್ದಿ ತಿಂದ್ರು.

ನನ್ನಾಕಿ ಕೇಳಿದ್ದು ಒಂದ ಪ್ರಶ್ನಿ:
“ನೀವು ಹೋದಮ್ಯಾಲೆ ನನಗ ಬರೂದು ಕಡಿಮಿ ಆಗ್ತದೇನು?”
ಇಲ್ಲ, ಅದಕ್ಕ ಇದು ತಾಗೂದಿಲ್ಲಂತ, ಅಂದೆ.
“ಹಂಗಾದ್ರ ನಿಮ್ಮ ಮನಸು,” ಅಂತ ರೊಟ್ಟಿ ಬಡದಳು.
ಆ ರೊಟ್ಟಿಯ ಅಂಚು ಮಾತ್ರ, ಎಂದೂ ಇಲ್ಲದ್ದು, ಹರೀತು.

ರಾತ್ರಿ ನಿದ್ದಿ ಹತ್ತಲಿಲ್ಲ.
ಆ ಪಟ್ಟಿಯೊಳಗ ನನ್ನ ವಯಸ್ಸೊಂದ ಅದ.
ಅಕ್ಕನ ವಯಸ್ಸಿಗೆ ಕಾಲಂ ಇಲ್ಲ.

ಎಂಬತ್ಮೂರರಾಗ, ನನ್ನ ಐಟಿಐ ಫೀಗೆ, ಹುಬ್ಬಳ್ಳಿ ಖೋಲಿಯ ಬಾಡಿಗಿಗೆ
ಹೊಳಿಯಕ್ಕ ಎರಡೂ ಪಾಟ್ಲಿ ಬಿಚ್ಚಿ ಕೊಟ್ಟಿದ್ದಳು,
ಹರಕಿಗೆ ಹಾಕಿದೆ ಅಂತ ಗಂಡಗ ಸುಳ್ಳು ಹೇಳಿ.
ಸರಾಫ ರಸೀದಿಗೆ ಅಳತಿ ಬರಕೊಂಡ: ಎರಡು ಆರಾಣಿ.
ನೌಕರಿ ಹತ್ತಲಿ, ಮಾಡಿಸಿಕೊಡ್ತೀನಿ ಅಂದೆ.
ಆಮ್ಯಾಲೆ, ಮಗಳ ಮದುವಿ ಆಗಲಿ ಅಂದೆ.
ಆಮ್ಯಾಲೆ, ರಿಟೈರ್ ಆಗಲಿ.
ಕಾಯೂದರ ಬಡ್ಡಿ ತಿಂದಾಂವ ನಾನು,
ಕಾಯ್ದಾಕಿ ಆಕಿ.

ಐತಾರ ಪ್ಯಾಸೆಂಜರ್ ಹತ್ತಿ ಅಣ್ಣಿಗೇರಿಗೆ ಹೋದೆ.
(ಕೆಳಗಿನ ಗಾಲಿ ನಾ ತಿರುವಿದ್ದ; ಸಪ್ಪಳಕ್ಕ ಗೊತ್ತಾತು.)
ಅಕ್ಕ ಮರದಾಗ ಕಡ್ಲಿ ಹಸನ ಮಾಡಿಕೋತ ಕುಂತಿದ್ದಳು.
ಕೈ ಕೊಡು ಅಂದೆ.
“ಯಾಕೋ ತಮ್ಮಾ, ಜ್ಯೋತಿಷ್ಯ ಕಲ್ತೀಯೇನು?”
ಹಸಿರು ಗಾಜಿನ ಬಳಿ ಎರಡು,
ಒಳಗ ದಾರ ಸುತ್ತಿ ಬಿಗಿ ಮಾಡಿದ್ದಳು,
ಜಾರಬಾರದಂತ.

ಬೆರಳು ಕೂಡಿಸಂದೆ.
ಗೆಣ್ಣಿಗೆ ಕ್ಯಾಲಿಪರ್ ಹಚ್ಚಿದೆ,
ತಣ್ಣಗದ ಅಂತ ಕೈ ಎಳಕೊಂಡಳು, ಮತ್ತ ಕೊಟ್ಟಳು.
ಎರಡು ಎರಡಾಣಿ. ಅದೂ ಸಡ್ಲ.
ನಾಲ್ಕಾಣಿ ಕೈ ಸವದಿತ್ತು,
ಯಾವ ಲೇಥಿಗೂ ಏರಿಸದನ.

ಸೋಮವಾರ ಖಾಲಿ ಜಾಗ ತುಂಬಿದೆ.
ನಲವತ್ತಲ್ಲ, ಹದಿಮೂರು.
ಎರಡು ಪಾಟ್ಲಿಗೆ, ಮಜೂರಿ ಹಿಡದು, ಎಷ್ಟು ಬೇಕೋ ಅಷ್ಟು.
“ಹದಿಮೂರು ಯಾರೂ ಬರಿಯೂದಿಲ್ರಿ,” ಅಂದ್ರು ಪ್ರಮೀಳಾಬಾಯಿ,
“ವಿಚಾರ ಮಾಡೀರೇನು?”
ಇಲ್ರಿ, ಅಂದೆ.
ಅಳತಿ ತಗೊಂಡು ಬಂದೀನಿ.