ಎಚ್ ಅಕ್ಷರದ ಕೆಳಗೆ

ಈಗ ಅಲ್ಲಿ ಸೋಫಾ ಮಾರುತ್ತಾರೆ.
ಕಾರು ನಿಲ್ಲಿಸುವ ಜಾಗಕ್ಕೆ ಕಂಬ, ಕಂಬಕ್ಕೊಂದು ಅಕ್ಷರ.
"ಎಲ್ಲಿ ನಿಲ್ಲಿಸಿದೆವಪ್ಪಾ?" ಮಗಳು ಕೇಳುತ್ತಾಳೆ.
"ಎಚ್" ಅನ್ನುತ್ತೇನೆ, ಎಲ್ಲಿ ನಿಲ್ಲಿಸಿದ್ದರೂ.
ಮರೆವು ಅಂದುಕೊಳ್ಳುತ್ತಾಳೆ, ಪಾಪ.

ಐವತ್ತೇಳನೇ ಇಸವಿ. ನನಗೆ ಹದಿಮೂರು.
ಗೇಟಿನ ಕಬ್ಬಿಣ ಕಿರ್ರೆಂದು ತಿರುಗಿ
ಒಬ್ಬೊಬ್ಬರನ್ನೇ ಒಳಕ್ಕೆ ಉಗುಳುತ್ತಿತ್ತು.
ನನಗೆ ಟಿಕೆಟ್ಟಿಲ್ಲ, ಕೈಯಲ್ಲಿ ಬೀಗದಕೈ:
ಮೂಲೆಯ ಮರದ ಗೂಡಿಗೆ ನಾನೇ ಯಜಮಾನ,
ಅಂಕಿ ನೇತುಹಾಕುವ ಹುಡುಗ.

ಬೇರೆ ಊರುಗಳಲ್ಲಿ ಅದೇ ಹೊತ್ತಿಗೆ ನಡೆವ ಆಟ
ಒಂದೊಂದಕ್ಕೂ ಒಂದಕ್ಷರ, ಯಾವುದು ಯಾವ ಊರೆಂದು
ಮೂರು ಪೆನ್ನಿಯ ಹಾಳೆಯಲ್ಲಿ ಅಚ್ಚಾಗಿರುತ್ತಿತ್ತು.
ಹಾಳೆ ಕೊಳ್ಳದವನಿಗೆ ಬರಿಯ ಕಾಗುಣಿತ.

ಎಳ್ಳು ಎಸೆದರೆ ನೆಲ ಮುಟ್ಟದಷ್ಟು ಟೋಪಿಗಳು.
ತಂಬಾಕಿನ ಹೊಗೆ, ಒದ್ದೆ ಉಣ್ಣೆಯ ವಾಸನೆ,
ಯಾರದೋ ಹೆಗಲ ಮೇಲೆ ಯಾರದೋ ಮಗು,
ಮಾಂಸದ ಸಾರೆಂಬ ಕಂದು ಬಿಸಿನೀರು
ನಾಲಿಗೆ ಸುಟ್ಟರೂ ಲೋಟ ಬಿಡರು ಯಾರೂ.
ನಮ್ಮ ತಂಡವೋ, ಸೋಲುತ್ತಿತ್ತು.
ವಿವರಿಸಲು ಏನಿದೆ ಅದರಲ್ಲಿ.
ಎಡಬದಿ ಓಡುವ ಲ್ಯಾಂಬರ್ಟ್ ಓಗ್ಡನ್
ಗಿರಣಿಯ ಬೆಳಗಿನ ಪಾಳಿ ಮುಗಿಸಿ ನಮ್ಮದೇ ಬಸ್ಸಿಗೆ ಬರುತ್ತಿದ್ದ,
ಕಾಗದದ ಚೀಲದಲ್ಲಿ ಬೂಟು.
ಒಮ್ಮೆ ನನ್ನಜ್ಜಿಗೆ ಸೀಟು ಬಿಟ್ಟುಕೊಟ್ಟ;
ಅಜ್ಜಿ ಸಾಯುವತನಕ ಅವನು ಚೆನ್ನಾಗಿ ಆಡುತ್ತಾನೆಂದೇ ವಾದಿಸಿದಳು.

ಗೂಡಿನಲ್ಲೊಂದು ಕರಿ ಟೆಲಿಫೋನು.
ಅರ್ಧ ಆಟ ಮುಗಿದಾಗ ಪತ್ರಿಕೆಯವರ ದನಿ, ಮೂಗಿನಿಂದ:
"ಎ, ಎರಡು ಸೊನ್ನೆ. ಬಿ, ಒಂದು ಒಂದು."
ತಗಡಿನ ಅಂಕಿಗಳನ್ನು ಕೊಕ್ಕೆಗೆ ಸಿಕ್ಕಿಸುತ್ತ ಹೋದಂತೆ
ಬೆನ್ನ ಹಿಂದೆ ಎಂಟು ಸಾವಿರ ಗಂಟಲು
ಹೋ ಅನ್ನುವುದು, ಛೇ ಅನ್ನುವುದು.
ದೇವರ ಕೆಲಸ ಹೀಗೇ ಇರಬೇಕೆಂದುಕೊಂಡಿದ್ದೆ,
ಬೆರಳು ಮರಗಟ್ಟುವುದೊಂದು ಬಿಟ್ಟರೆ.

ಹಲಗೆಯ ಕೆಳಗೇ, ಕಂಬಿಗೆ ಎದೆಯಾನಿಸಿ
ನಿಲ್ಲುತ್ತಿದ್ದ ಮುದುಕ, ಎನಕ್ ಥ್ರೆಲ್‌ಫಾಲ್.
ಮಗ ಸೆಲ್ವಿನ್ ದಕ್ಷಿಣದ ಯಾವುದೋ ಕಡಲೂರಿಗೆ ಗೋಲ್‌ಕೀಪರ್.
ಅಪ್ಪ ಮಗನಿಗೆ ಮಾತಿಲ್ಲವೆಂದು
ಪೇಟೆಯೆಲ್ಲ ಆಡಿಕೊಳ್ಳುತ್ತಿತ್ತು.
ಪತ್ರವಿಲ್ಲ, ಕ್ರಿಸ್‌ಮಸ್ಸಿಗೆ ಕಾರ್ಡಿಲ್ಲ.
ಶನಿವಾರ ಮೂರೂಮುಕ್ಕಾಲಿಗೆ
ನಾನು ತೂಗಿಸಿದ ತಗಡೇ ಅಂಚೆ.

ಫೆಬ್ರವರಿ. ಸುಣ್ಣದ ಗೆರೆ ನುಂಗಿದ ಕೆಸರು.
ಆ ವಾರ ಮುದುಕನ ಅಕ್ಷರ ಎಚ್.
"ಎಚ್, ಸೊನ್ನೆ ಆರು."
ಮತ್ತೆ ಕೇಳಿದೆ.
"ಆರು! ಕಿವುಡನೇನೋ?"
ಅರ್ಧ ಆಟಕ್ಕೇ ಆರು.
ಕೆಳಗೆ ನೋಡಿದೆ. ಟೋಪಿ ತೆಗೆದು ನಿಂತಿದ್ದ,
ಯಾಕೆ ತೆಗೆದಿದ್ದನೋ; ಬೋಳುತಲೆಯ ಮೇಲೆ ಹನಿ.
ಕೈ ಆರರ ಮೇಲೇ ಇತ್ತು.
ನೇತುಹಾಕಿದ್ದು ಸೊನ್ನೆ.

ಟೋಪಿ ಇಟ್ಟುಕೊಂಡ.
ಪಕ್ಕದವನಿಗೆ ಪೆಪ್ಪರ್‌ಮಿಂಟು ಕೊಟ್ಟ.
ಆಮೇಲೆ ನಮ್ಮವರು ಗೋಲು ಹೊಡೆದರಂತೆ, ಎರಡು.
ನಾನು ನೋಡಲಿಲ್ಲ.
ಆರನ್ನು ಕೋಟಿನೊಳಗೆ ಅವುಚಿಕೊಂಡು ಕೂತಿದ್ದೆ,
ತಗಡು ಹೊಟ್ಟೆಗೆ ತಣ್ಣಗೆ ತಾಗುತ್ತ.
ಕತ್ತಲಾಗುವ ಹೊತ್ತಿಗೆ ಗುಲಾಬಿ ಬಣ್ಣದ ಪತ್ರಿಕೆ ಬರುತ್ತದೆ, ಗೊತ್ತಿತ್ತು.
ಶಾಯಿ ಆರದ ಆರು
ಯಾರ ಮುಲಾಜೂ ನೋಡುವುದಿಲ್ಲ.

ಮುಂದಿನ ಶನಿವಾರ ಗೂಡಿನ ಬಾಗಿಲು ತಟ್ಟಿದ.
ಬೈಗುಳಕ್ಕೆ ತಲೆ ತಗ್ಗಿಸಿಯೇ ತೆರೆದೆ.
ಗೋಡೆಯ ಅಂಕಿಗಳ ಮೇಲೆ ಕಣ್ಣಾಡಿಸಿ
"ನಿನ್ನ ಆರಕ್ಕೆ ಬಣ್ಣ ಹೋಗಿದೆ," ಅಂದ,
"ದೂರದಿಂದ ಸೊನ್ನೆ ಥರ ಕಾಣುತ್ತೆ."
ಕೋಟಿನ ಜೇಬಿನಿಂದ ಬಿಳಿ ಬಣ್ಣದ ಪುಟ್ಟ ಡಬ್ಬಿ,
ಕೂದಲುದುರಿದ ಒಂದು ಬ್ರಷ್ಷು.
ನಾನು ಬಳಿದು ಮುಗಿಸುವವರೆಗೆ
ಬಾಗಿಲಲ್ಲೇ ನಿಂತಿದ್ದ, ಗಾಳಿಗೆ ಅಡ್ಡವಾಗಿ.

ಆಮೇಲೆ ಕಂಬಿಯ ಹತ್ತಿರ ಹೋದ.
ಆ ವಾರ ಅವನ ಅಕ್ಷರ ಯಾವುದಿತ್ತೋ,
ನೆನಪಿಲ್ಲ.