ಬೆಳಕಿನ ಪೆಟ್ಟಿಗೆ

ಶ್ರೀರಾಮಪುರದ ನನ್ನ ಕ್ಲಿನಿಕ್ಕಿನ ಗೋಡೆಗೆ
ಹಳೆಯದೊಂದು ಬೆಳಕಿನ ಪೆಟ್ಟಿಗೆ.
ಈಗೆಲ್ಲ ಎಕ್ಸ್-ರೇ ಕಂಪ್ಯೂಟರಿಗೇ ಬರುತ್ತದಂತೆ.
ನಮ್ಮ ಬೀದಿಯವರು ಫಿಲಂ ಹಿಡಿದೇ ಬರುತ್ತಾರೆ,
ಹಳದಿ ಕವರಿನಲ್ಲಿ, ಮಡಿಚೀತೆಂದು
ಎರಡೂ ಕೈಯಲ್ಲಿ, ಬಡಿಸಿದ ಎಲೆ ಎತ್ತಿ ತರುವ ಹಾಗೆ.

ಆ ಶುಕ್ರವಾರ ಹಾಗೇ ಬಂತು ಒಂದು ಕತ್ತು.
ನಾಲ್ಕು ವರ್ಷದ ಕತ್ತು.
ಗಂಟಲ ನಡುವೆ, ಬೆಳ್ಳಗೆ,
ಸದ್ದು ಮಾಡದ ಒಂದು ಗೆಜ್ಜೆಕಾಳು.

ದೊಡ್ಡಾಸ್ಪತ್ರೆಗೆ ಓಡಿಸಿದೆ, ಆಟೋ ಹಿಂದೆ ನಾನೂ.
ಸಂಜೆಗೆ ತೆಗೆದರು. ಮಗು ಐಸ್‌ಕ್ರೀಮ್ ಕೇಳಿತು.

ರಾತ್ರಿ, ಶಟರ್ ಅರ್ಧ ಎಳೆದ ಮೇಲೆ,
ಬೆಳಿಗ್ಗೆ ಕ್ಲಿಕ್ಕಿಸಿದ್ದ ಫೋಟೋ ತೆರೆದು ಕೂತೆ.
ಉದ್ದೇಶ ಒಳ್ಳೆಯದೇ.
ನಾಲ್ಕು ಜನ ತಾಯಂದಿರು ನೋಡಲಿ, ಎಚ್ಚರವಾಗಲಿ.
ನಾಲ್ಕು ಸಾವಿರ ಜನ ನೋಡಲಿ
ಎಂದೂ ಇತ್ತು ಒಳಗೆಲ್ಲೋ. ಸುಳ್ಳೇಕೆ.

ಹೆಸರಿಗೆ ಕಪ್ಪು ಬಳಿದೆ. ತಾರೀಖಿಗೆ. ಲ್ಯಾಬಿನ ಮುದ್ರೆಗೆ.
ಶರ್ಫುದ್ದೀನ್, ನನ್ನ ಜೂನಿಯರ್,
ಹೆಗಲ ಮೇಲಿಂದ ಬಗ್ಗಿ, "ಮೇಡಂ, ಒಪ್ಪಿಗೆ?" ಅಂದ.
ಕೇಳಿದ್ದೆನಪ್ಪ. ಬಾಗಿಲಲ್ಲೇ. ತಲೆಯಾಡಿಸಿದಳು.
"ಆಗ ಮಗುವಿನ ಗಂಟಲಲ್ಲಿ ಗೆಜ್ಜೆಯಿತ್ತು ಮೇಡಂ,
ನೀವು ಕಿಡ್ನಿ ಕೇಳಿದ್ದರೂ ತಲೆಯಾಡಿಸುತ್ತಿದ್ದಳು."

ಆಮೇಲೆ ಅವನೇ ಎರಡು ಬೆರಳು ಅಗಲಿಸಿ ಹಿಗ್ಗಿಸಿದ.
ಫಿಲಂನ ಕಪ್ಪಿನಲ್ಲಿ, ಕತ್ತಿನಾಚೆ,
ಟ್ಯೂಬ್‌ಲೈಟಿನ ಗೀಟಿನ ಪಕ್ಕ,
ಅವಳು.
ಸೆರಗಿನ ತುದಿ ಕಚ್ಚಿಕೊಂಡು
ನನ್ನ ಬೆನ್ನ ಹಿಂದೆ ನಿಂತಿದ್ದವಳು
ನನ್ನ ಚಿತ್ರದೊಳಗೆ ನಿಂತಿದ್ದಳು.
ನಾನು ಹೆಸರನ್ನಷ್ಟೇ ಅಳಿಸಿದ್ದೆ.

ಇಲ್ಲಿ ಆರಕ್ಕೆ ಹಾಲಿನವನಿಗೆ ಗೊತ್ತಾದದ್ದು
ಆರೂವರೆಗೆ ಓಕಳೀಪುರಕ್ಕೆ ಗೊತ್ತು.
ಅಲ್ಲಿಂದ ರೈಲು ಹತ್ತಿ ಅವಳತ್ತೆಯ ಊರಿಗೆ.
ಫೋಟೋದ ಕೆಳಗೆ ಯಾರೋ ಒಬ್ಬ, ಕಾಫಿ ಕುಡಿಯುತ್ತ,
"ತಾಯಿ ಎಲ್ಲಿ ಸತ್ತಿದ್ದಳು?" ಎಂದು ಬರೆಯುತ್ತಿದ್ದ.
ಅದಕ್ಕೆ ನೂರು ಹೆಬ್ಬೆರಳು.

ಅಳಿಸಿದೆ. ಅಳಿಸಿದ್ದು ಎಲ್ಲೋ ಇನ್ನೊಂದು ಡಬ್ಬಿಯಲ್ಲಿ
ಮೂವತ್ತು ದಿನ ಉಳಿಯುತ್ತದಂತೆ. ಅಲ್ಲಿಂದಲೂ ಅಳಿಸಿದೆ.

ಬದಲಿಗೆ ಚೀಟಿಯ ಹಿಂಬದಿ, ಬಾಲ್‌ಪೆನ್ನಿನಲ್ಲಿ,
ಒಂದು ಕತ್ತು ಬರೆದೆ. ಮಡಕೆಯ ಹಾಗೆ ಬಂತು.
ನಡುವೆ ಒಂದು ಚುಕ್ಕೆ.
"ಮಗು ಏನಾದರೂ ನುಂಗಿದರೆ ಬಾಳೆಹಣ್ಣು ತುರುಕಬೇಡಿ,
ಕಾಣದ್ದಕ್ಕೆ ಬೆರಳು ಹಾಕಬೇಡಿ, ಹೊರಡಿ" ಎಂದು ಕೆಳಗೆ.
ಮೂವತ್ತೊಂದು ಜನ ನೋಡಿದರು.
ಅದರಲ್ಲೊಬ್ಬರು ನಮ್ಮ ಸೋದರತ್ತೆ,
ಮಡಕೆ ಚೆನ್ನಾಗಿದೆ ಅಂದರು.

ಹನ್ನೊಂದೂವರೆಗೆ ಯಾರದೋ ನಾಲಗೆ ಬಂತು, ಫೋಟೋದಲ್ಲಿ:
"ಇದು ಏನು ಡಾಕ್ಟ್ರೇ, ಅರ್ಜೆಂಟ್."
ಫೋಟೋದ ನಾಲಗೆ ಆ ಅನ್ನಲಾರದು.
ನಾಳೆ ಹತ್ತಕ್ಕೆ ಬನ್ನಿ, ಹಗಲಲ್ಲಿ ನೋಡೋಣ,
ಉಸಿರು ಕಟ್ಟಿದರೆ ಕಾಯಬೇಡಿ ಎಂದೆ.
ಅದರ ಕೆಳಗೇ ತಲೆಗೂದಲ ಎಣ್ಣೆಯವರು:
ಬಿಳಿ ಕೋಟು ಹಾಕಿ ನಗಬೇಕು, ಒಂದು ನಿಮಿಷ,
ನನ್ನ ಮೂರು ತಿಂಗಳ ಬಾಡಿಗೆ.
ನಾನು ಗಂಟಲಿನ ಡಾಕ್ಟರು ಸ್ವಾಮಿ.

ಇಷ್ಟು ಓದಿ ಯಾರಾದರೂ
ಆ ತಾಯಿಯನ್ನು ಹುಡುಕಲು ಹೊರಟರೆ, ಹೇಳಿಬಿಡುತ್ತೇನೆ:
ಅದು ಶುಕ್ರವಾರವಲ್ಲ.
ನಾಲ್ಕು ವರ್ಷವಲ್ಲ. ಗೆಜ್ಜೆಯೂ ಅಲ್ಲ.
ಬೀದಿ ಬೇರೆ. ರೈಲಿನ ಬದಲು ಬಸ್ಸು ಇರಬಹುದು.
ಸೆರಗನ್ನೂ ನಾನೇ ಹೊದಿಸಿದ್ದು.

ತಲೆಯಾಡಿಸಿದ್ದು ಮಾತ್ರ
ಇದ್ದ ಹಾಗೇ ಬಿಟ್ಟಿದ್ದೇನೆ.